ಬುಧವಾರದ ಎಮ್ಮೆ

ಡಿಮಾಯ್ನ್‌ನಲ್ಲಿ ಆರು ವರ್ಷ ಇದ್ದೆವು. ಇಂಗ್ಲಿಷಿನಲ್ಲಿ ಆ ಹೆಸರು ಬರೆದರೆ ಎರಡು 'ಎಸ್' ಬರುತ್ತವೆ. ಎರಡೂ ಸುಮ್ನೆ ಕೂತಿರುತ್ತವೆ, ಒಂದೂ ಕೆಲಸ ಮಾಡುವುದಿಲ್ಲ. ಅಮೆರಿಕದ ಅಯೋವಾ ರಾಜ್ಯದ ರಾಜಧಾನಿಯಾದರೂ ಊರಲ್ಲಿರುವುದು 2 ಲಕ್ಷ ಚಿಲ್ಲರೆ ಜನ. ಊರು ದಾಟಿದರೆ ಕಣ್ಣು ಹಾಯುವವರೆಗೂ ಮೆಕ್ಕೆಜೋಳ. ಹಾವೇರಿಯವನಾದ ನಾನು ಅರ್ಧ ಭೂಮಿ ಸುತ್ತಿ ಮತ್ತೆ ಮೆಕ್ಕೆಜೋಳದ ನಡುವೆಯೇ ಇಳಿದಿದ್ದೆ.

ಅಲ್ಲಿಯ ಜನರ ಮರ್ಯಾದೆ ಸ್ವಲ್ಪ ಜಾಸ್ತಿಯೇ. ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಕಾರು ಬಂದರೆ 'ನೀವು ಹೋಗಿ', 'ಇಲ್ಲ, ನೀವೇ ಹೋಗಿ' ಅಂತ ನಾಲ್ವರೂ ಕೈಯಾಡಿಸುತ್ತಾ ನಿಲ್ಲುತ್ತಾರೆ. ಇದನ್ನೇ ರೂಢಿ ಮಾಡಿಕೊಂಡು ನಾನು ನ್ಯೂಯಾರ್ಕಿಗೆ ಬಂದೆ. ಮೊದಲ ದಿನ ಒಬ್ಬರಿಗೆ 'ನೀವು ಹೋಗಿ' ಅಂತ ಕೈ ತೋರಿಸಿದೆ. ಅವರು ಹೋದರು. ಅವರ ಹಿಂದಿನವರೂ ಹೋದರು. ನನ್ನ ಹಿಂದಿದ್ದವರು ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ.

ಮನೆ ಸಿಕ್ಕಿದ್ದು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ. ತಿಂಗಳ ಬಾಡಿಗೆಯ 40 ಪಟ್ಟು ವರ್ಷದ ಸಂಬಳ ಇರಬೇಕು ಅನ್ನುವುದು ಇಲ್ಲಿಯ ಲೆಕ್ಕ. ಸಂಬಳದ ಚೀಟಿ, ಬ್ಯಾಂಕ್ ಕಾಗದ, ಹಳೇ ಮನೆ ಓನರ್ ಪತ್ರ, ಎಲ್ಲ ಕೊಟ್ಟೆ. ಹೆಣ್ಣು ಕೊಡುವಾಗ ನಮ್ಮ ಮಾವನವರೂ ಇಷ್ಟು ವಿಚಾರಿಸಿರಲಿಲ್ಲ. ಮನೆ ಸಿಕ್ಕಿತು, ಸೋಫಾ ಮೆಟ್ಟಿಲು ಹತ್ತಲಿಲ್ಲ. ಸೋಫಾ ಕತ್ತರಿಸಿ, ಒಳಗೆ ಒಯ್ದು, ಮತ್ತೆ ಜೋಡಿಸುವುದನ್ನೇ ಕಸುಬು ಮಾಡಿಕೊಂಡವರು ಈ ಊರಲ್ಲಿದ್ದಾರೆ. ನಮ್ಮದನ್ನೂ ಜೋಡಿಸಿಕೊಟ್ಟರು. ಅಂದಿನಿಂದ ಅದರ ಎಡಗಡೆ ಕೂತವರು ಮಾತಾಡುತ್ತಾ ಆಡುತ್ತಾ ಬಲಗಡೆಗೆ ಜಾರುತ್ತಾರೆ.

ರೈಲಿನದು ಇನ್ನೊಂದು ಕಥೆ. ನೇರಳೆ ಬಣ್ಣದ ದುಂಡು ಗುರುತಿನೊಳಗೆ 7 ಅಂತಿದ್ದರೆ ರೈಲು ಎಲ್ಲ ಕಡೆ ನಿಲ್ಲುತ್ತದೆ. ಅದೇ 7 ವಜ್ರದ ಆಕಾರದೊಳಗಿದ್ದರೆ ಅದು ಎಕ್ಸ್‌ಪ್ರೆಸ್. ಇದು ನನಗೆ ತಿಳಿದಿದ್ದು ನಮ್ಮ 82ನೇ ಬೀದಿಯ ಸ್ಟೇಷನ್ ಕಿಟಕಿಯಲ್ಲಿ ಸರ್ರನೆ ಹಿಂದಕ್ಕೆ ಹೋದಾಗ.

ಆದರೆ ನಿಜವಾದ ಪಜೀತಿ ಕಾರಿನದು. ಡಿಮಾಯ್ನ್‌ನಲ್ಲಿ ಅದು ನನ್ನನ್ನು ಹೊತ್ತು ತಿರುಗುತ್ತಿತ್ತು. ಇಲ್ಲಿ ನಾನು ಅದರ ಚಾಕರಿಗೆ ನಿಂತೆ. ಬೀದಿ ಗುಡಿಸುವ ದಿನ ಕಾರು ತೆಗೆಯಬೇಕು. ನಮ್ಮ ಮನೆ ಬದಿಗೆ ಬುಧವಾರ, ಎದುರು ಬದಿಗೆ ಗುರುವಾರ, ತಲಾ ಒಂದೂವರೆ ಗಂಟೆ. ಕಂಬದ ಮೇಲಿನ ಬೋರ್ಡಿನಲ್ಲಿ 'ಪಿ' ಅಕ್ಷರದ ಮೇಲೆ ಅಡ್ಡಲಾಗಿ ಒಂದು ಪೊರಕೆ. ಪಾರ್ಕಿಂಗ್ ಜಾಗ ಚೊಕ್ಕಟವಾಗಿದೆ ಅನ್ನುವ ಭರವಸೆ ಅಂತ ನಾನು ತಿಳಿದಿದ್ದೆ. ಆ ತಿಳಿವಳಿಕೆಗೆ 65 ಡಾಲರ್ ದಂಡ ಬಿತ್ತು.

ಆಮೇಲೆ ಬೀದಿಯವರನ್ನು ನೋಡಿ ಕಲಿತೆ. ಗುಡಿಸುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಕಾರಿನಲ್ಲಿ ಕಾಫಿ ಹಿಡಿದು ಕೂತಿರುತ್ತಾರೆ. ಗುಡಿಸುವ ಲಾರಿ ಬಂದ ತಕ್ಷಣ ಪಕ್ಕಕ್ಕೆ ಸರಿಯುತ್ತಾರೆ, ಅದು ದಾಟಿದ್ದೇ ತಡ ಅದೇ ಜಾಗಕ್ಕೆ ನುಗ್ಗುತ್ತಾರೆ. ನಾನೂ ಕೂತೆ. ಲ್ಯಾಪ್‌ಟಾಪ್ ಸ್ಟೀರಿಂಗಿಗೆ ಆನಿಸಿ ಆಫೀಸಿನ ಮೀಟಿಂಗೂ ಮುಗಿಸಿದೆ. ನಾನು ಬಜೆಟ್ ವಿವರಿಸುತ್ತಿರುವಾಗ ಲಾರಿ ಬಂತು. ಮುಂದಿನ ಮೂರು ನಿಮಿಷ ನನ್ನ ಮುಖದ ಬದಲು ಕಾರಿನ ಚಾವಣಿ ಕಾಣಿಸಿತಂತೆ. ಯಾರೂ ಏನೂ ಕೇಳಲಿಲ್ಲ. ನ್ಯೂಯಾರ್ಕ್ ಆಫೀಸು, ಅಭ್ಯಾಸ ಇರಬೇಕು.

ಇಂಥದೇ ಒಂದು ಬುಧವಾರ ಅವ್ವ ವಿಡಿಯೋ ಕಾಲ್ ಮಾಡಿದಳು. ಕಾರು ತೋರಿಸು ಅಂದಳು. ಅಯೋವಾದ ನಂಬರ್ ಪ್ಲೇಟಿನ ಕೆಳಗೆ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ಹೆಸರೂ ಇರುತ್ತದೆ. ನಮ್ಮದು ಪೋಲ್ಕ್. ಪಕ್ಕದಲ್ಲಿದ್ದ ತಮ್ಮ ಅದನ್ನು ಗಟ್ಟಿಯಾಗಿ ಓದಿದ.

"ಅಲ್ಲೋ, ಕಾರಿಗ್ಯಾಕ ಪೋಲ್ಕಾ?" ಅಂದಳು ಅವ್ವ. ನಮ್ಮ ಕಡೆ ಪೋಲ್ಕಾ ಅಂದರೆ ರವಿಕೆ.

ಕೌಂಟಿ ವಿಷಯ ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. ಕಾರಿನಲ್ಲಿ ಯಾಕೆ ಕೂತಿದ್ದೇನೆ ಅಂತ ಮಾತ್ರ ಹೇಳಿದೆ. ಅವ್ವ ಪೂರ್ತಿ ಕೇಳಿದಳು. "ಅದು ಕಾರಲ್ಲಪಾ, ಎಮ್ಮಿ. ಗೂಟ ಬದ್ಲಿ ಮಾಡಿ ಕಟ್ಟಾಕತ್ತೀಯಿ" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ದೀಪಾವಳಿ ಬಂತು. ಅವತ್ತು ಕಾರು ತೆಗೆಯುವ ಗೋಜಿಲ್ಲ, ನ್ಯೂಯಾರ್ಕ್ ನಗರದ ರಜಾಪಟ್ಟಿಯಲ್ಲಿ ನಮ್ಮ ದೀಪಾವಳಿಯೂ ಇದೆ. ಎಂಥ ಖುಷಿ ಅಂತೀರಿ! ಹಾವೇರಿಯವನಿಗೆ ದೀಪಾವಳಿ ಅಂದರೆ ಬಲಿಪಾಡ್ಯ. ಊರಲ್ಲಿ ಹೋರಿಗಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುವ ಹಬ್ಬ. ಪಾಡ್ಯ ಸರಿಯಾಗಿ ಬುಧವಾರವೇ ಬಿತ್ತು. "ಎಮ್ಮಿಗೆ ಪೂಜಾ ಮಾಡೋ" ಅಂತ ಅವ್ವನ ಫೋನು ಬೇರೆ. 74ನೇ ಬೀದಿಯಿಂದ ಚೆಂಡು ಹೂವಿನ ಹಾರ ತಂದು, ಕುಂಕುಮ ಹಚ್ಚಿ, ವೈಪರಿಗೆ ಹಾರ ಸುತ್ತಿದೆ. ಊದಿನಕಡ್ಡಿ ಬೆಳಗಿ, ಆರಾಮಾಗಿ ಮೇಲೆ ಹೋಗಿ ಹೋಳಿಗೆ ಊಟ ಮಾಡಿ ಮಲಗಿದೆ.

ಪಟ್ಟಿಯಲ್ಲಿದ್ದ ದೀಪಾವಳಿ ಸೋಮವಾರಕ್ಕೇ ಮುಗಿದಿತ್ತು.

ಸಂಜೆ ಇಳಿದು ನೋಡಿದರೆ ಬೀದಿಯೆಲ್ಲ ಗುಡಿಸಿ ಸ್ವಚ್ಛವಾಗಿದೆ, ನಮ್ಮ ಎಮ್ಮೆಯ ಕೆಳಗಷ್ಟೇ ಒಣ ಎಲೆಗಳ ರಾಶಿ. ದಂಡ ಹಾಕಿದವರು ಯಾರೋ ಪಾಪ ಒಳ್ಳೆಯವರು. ಹಾರ ಸರಿಸಿ, ವೈಪರ್ ಎತ್ತಿ, ಕಿತ್ತಳೆ ಬಣ್ಣದ ಲಕೋಟೆ ಸಿಕ್ಕಿಸಿ, ಒಂದು ಹೂವೂ ಉದುರದ ಹಾಗೆ ಹಾರವನ್ನು ಮತ್ತೆ ನೆಟ್ಟಗೆ ಮಾಡಿ ಹೋಗಿದ್ದರು.