ಗೋಡೆಗೆ ಒತ್ತರಿಸಿದ ಬಿಲಿಯರ್ಡ್ಸ್

ಚಿಕ್ಕಂದಿನಲ್ಲಿ ನಮ್ಮನೆಯಲ್ಲಿ ಮೊಳೆ ಹೊಡೆದ ಒಂದು ಹಲಗೆ ಇತ್ತು. ಸ್ಪ್ರಿಂಗ್ ಎಳೆದು ಬಿಟ್ಟರೆ ಗುಂಡು ಟಿಣ್ ಟಿಣ್ ಅಂತ ಮೊಳೆಗೆ ಬಡಿದು ಯಾವುದೋ ಗೂಡಿಗೆ ಬೀಳುತ್ತಿತ್ತು. ಹೆಸರು ಬ್ಯಾಗಟೆಲ್. ಅದು ಬಿಲಿಯರ್ಡ್ಸ್ ಮೇಜಿನ ಮೊಮ್ಮಗು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಪ್ಯಾರಿಸ್ ಹತ್ತಿರ ಬ್ಯಾಗಟೆಲ್ ಅಂತ ಒಂದು ಅರಮನೆ. ಫ್ರಾನ್ಸ್ ರಾಜ 16ನೇ ಲೂಯಿಯ ತಮ್ಮ ಬಾಜಿ ಕಟ್ಟಿ, 1777ರಲ್ಲಿ ಎರಡೇ ತಿಂಗಳಲ್ಲಿ ಕಟ್ಟಿಸಿದ್ದು. ಅಲ್ಲಿನ ಔತಣದಲ್ಲಿ ಆಡಿದ್ದರಿಂದ ಆಟಕ್ಕೆ ಈ ಹೆಸರು ಬಂತು ಅಂತ ಹೇಳುತ್ತಾರೆ. ಪದದ ಅರ್ಥ ಮಾತ್ರ 'ಕ್ಷುಲ್ಲಕ'. ಹೆಸರೇ ಹೀಗಿದ್ದ ಮೇಲೆ ಯಾರು ಮರ್ಯಾದೆ ಕೊಡುತ್ತಾರೆ ಹೇಳಿ!

ನನ್ನ ತಕರಾರು ಇಲ್ಲೇ ಇರೋದು. ಇದನ್ನು ಬಿಲಿಯರ್ಡ್ಸ್ ಆಡಲಾಗದವರ ಆಟ ಅಂತ ತಳ್ಳಿಹಾಕುತ್ತಾರೆ. ನಿಜವಾಗಿ ಇದು ಜಾಗ ಇಲ್ಲದವರ ಜಾಣತನ. ದೊಡ್ಡ ಬಿಲಿಯರ್ಡ್ಸ್ ಮೇಜು 12 ಅಡಿ ಉದ್ದ, 6 ಅಡಿ ಅಗಲ. ಸುತ್ತ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಹಿಡಿದು ಓಡಾಡಲು ಇನ್ನಷ್ಟು ಜಾಗ ಬೇಕು. ಇಂಗ್ಲೆಂಡಿನ ಬ್ಯಾಗಟೆಲ್ ಮೇಜು ಕಿರಿದು. ಆ ತುದಿ ಅರ್ಧಚಂದ್ರದ ಹಾಗೆ, ಅಲ್ಲಿ ಒಂಬತ್ತು ಕುಳಿ. ಈ ತುದಿಯಿಂದ ಹೊಡೆದರೆ ಸಾಕು. ಎಷ್ಟೋ ಮೇಜುಗಳನ್ನು ಮಡಚಿ ಎತ್ತಿಡಬಹುದಿತ್ತು.

1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೇಗ್ ರೆಡ್‌ಗ್ರೇವ್ ಬ್ಯಾಗಟೆಲ್‌ಗೆ ಗುಂಡು ಚಿಮ್ಮಿಸುವ ಸ್ಪ್ರಿಂಗ್ ಇಟ್ಟು ಪೇಟೆಂಟ್ ಪಡೆದ. ಕ್ಯೂ ಹೋಯ್ತು, ಪಿನ್‌ಬಾಲ್‌ಗೆ ದಾರಿಯಾಯ್ತು. ನಮ್ಮನೆ ಹಲಗೆಯೂ ಅದೇ ಕವಲಿನದು.

ನನಗೆ ಜಾಸ್ತಿ ಇಷ್ಟ ಇನ್ನೊಂದು ಕವಲು, ಬಾರ್ ಬಿಲಿಯರ್ಡ್ಸ್. 1930ರ ದಶಕದಲ್ಲಿ ಬೆಲ್ಜಿಯಂ ಕಡೆಯಿಂದ ಇಂಗ್ಲೆಂಡಿನ ಪಬ್‌ಗಳಿಗೆ ಬಂತು. ಇಲ್ಲೂ ಒಂದೇ ತುದಿಯಿಂದ ಆಡೋದು, ಹಾಗಾಗಿ ಮೇಜನ್ನು ಗೋಡೆಗೆ ಒತ್ತರಿಸಿ ಇಡಬಹುದು. ಕಾಸು ಹಾಕಿದರೆ ಒಳಗಿನ ಗಡಿಯಾರ ಓಡುತ್ತದೆ. ಹೊತ್ತು ಮುಗಿದಾಗ ಒಳಗೆ ಒಂದು ಅಡ್ಡಪಟ್ಟಿ ಬೀಳುತ್ತದೆ. ಆಮೇಲೆ ಕುಳಿಗೆ ಬಿದ್ದ ಚೆಂಡು ವಾಪಸ್ ಬರಲ್ಲ. ಪಬ್ ಮಾಲೀಕನಿಗೆ ಜಾಗವೂ ಉಳಿಯಿತು, ಕಾಸೂ ಬಂತು. ಆಮೇಲೆ ಪೂಲ್ ಟೇಬಲ್ ಬಂದು ಇದನ್ನು ಬಹಳ ಕಡೆ ಹೊರಗಟ್ಟಿತು. ನಾಲ್ಕೂ ಕಡೆ ಜಾಗ ಕೇಳುವ ಮೇಜು ಗೆದ್ದಿದ್ದು ನನಗಿನ್ನೂ ಅರಗಿಲ್ಲ. ಸಸೆಕ್ಸ್, ಆಕ್ಸ್‌ಫರ್ಡ್ ಕಡೆ, ಜರ್ಸಿ ದ್ವೀಪದಲ್ಲಿ ಈಗಲೂ ಆಡುತ್ತಾರೆ.

ಅದೃಷ್ಟದಾಟ ಅನ್ನುವವರು ಒಮ್ಮೆ ಆ ಮೇಜು ನೋಡಬೇಕು. ಕುಳಿಗಳ ಮುಂದೆ ಅಣಬೆಯಂಥ ಪುಟ್ಟ ಗೂಟಗಳು. ಬಿಳಿ ಗೂಟ ಕೆಡವಿದರೆ ಆ ಸರದಿಯ ಅಂಕ ಮಾತ್ರ ಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ, 200 ಅಂಕ ಕೊಡುವ ಕುಳಿಯ ಮುಂದೆ ನಿಂತಿರೋದು ಕರಿ ಗೂಟ. ಅದು ಬಿತ್ತೋ, ಅಲ್ಲಿಯವರೆಗೆ ಕೂಡಿಟ್ಟದ್ದೆಲ್ಲ ಸೊನ್ನೆ!