ಯಾವೂರಪ್ಪ ನಿಂದು?

ಹೋದ ತಿಂಗಳು ನಮ್ಮ ಅರಸೀಕೆರೆ ಕಡೆಯ ಹುಡುಗನೊಬ್ಬ ಇಂಗ್ಲೆಂಡಿನ ನನ್ನ ಮನೆಗೆ ಬಂದು, "ಅಣ್ಣ, ನನ್ನ ಬಗ್ಗೆ ಒಂದು ಕಾಗದ ಬರ್ದುಕೊಡಿ, ಕೌನ್ಸಿಲ್‌ಗೆ ಕೊಡ್ಬೇಕು" ಅಂದ. ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆ ಇದ್ದ ಹಾಗೆ. ಗೋದಾಮಿನ ರಾತ್ರಿಪಾಳಿ ಸಾಕಾಗಿ ಕ್ಯಾಬ್ ಓಡಿಸುವ ಯೋಚನೆ ಅವನದು, ಅದಕ್ಕೆ ಲೈಸೆನ್ಸ್ ಬೇಕು. ಎರಡು ಪುಟ ಬರೆದುಕೊಟ್ಟೆ. ಸಂಕ್ರಾಂತಿಗೆ ಇಲ್ಲಿನ ಕನ್ನಡಿಗರೆಲ್ಲ ಸೇರಿದಾಗ ಪಾತ್ರೆ ತೊಳೆಯಲು ಕೊನೆಯವರೆಗೂ ನಿಲ್ಲುವವನು ಇವನೊಬ್ಬನೇ, ಅದನ್ನೂ ಸೇರಿಸಿದೆ.

ಅರ್ಜಿ ತಿರಸ್ಕಾರವಾಯಿತು. ಮೂರು ವರ್ಷದ ಹಿಂದೆ ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದದ್ದಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾಗಿತ್ತು. 5 ವರ್ಷ ಕಳೆಯಬೇಕಂತೆ. ನನ್ನ ಎರಡು ಪುಟದ ಬಗ್ಗೆ ಉತ್ತರದಲ್ಲಿ ಒಂದು ಸಾಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಚುಚ್ಚಿದ್ದು ಅದೇ.

ಫೋನ್ ಹಿಡಿದದ್ದಕ್ಕೆ ಐದು ವರ್ಷ! ಬೆಂಗಳೂರಲ್ಲಿ ಮೆಜೆಸ್ಟಿಕ್‌ನಿಂದ ದೇವನಹಳ್ಳಿ ತಲುಪುವಷ್ಟರಲ್ಲಿ ಡ್ರೈವರ್ ಒಂದು ಫೋನಲ್ಲಿ ದಾರಿ, ಇನ್ನೊಂದರಲ್ಲಿ ಮುಂದಿನ ಡ್ಯೂಟಿ ನೋಡಿಕೊಂಡು, ಕಿವಿಗೆ ಸಿಕ್ಕಿಸಿಕೊಂಡ ಮೂರನೆಯದರಲ್ಲಿ ಭಾವಮೈದುನನ ಸೈಟಿನ ಜಗಳವನ್ನೂ ಮುಗಿಸಿರುತ್ತಾನೆ.

ಇಂಗ್ಲೆಂಡಿನಲ್ಲಿ ಲಂಡನ್ ಬಿಟ್ಟರೆ ಈ ಲೈಸೆನ್ಸ್ ಕೊಡುವುದು ಆಯಾ ಊರಿನ ಕೌನ್ಸಿಲ್. ಮನುಷ್ಯ ಯೋಗ್ಯನೆಂದು ಮನವರಿಕೆಯಾಗದೆ ಕೊಡಕೂಡದು ಅನ್ನುತ್ತದೆ 1976ರ ಕಾಯ್ದೆ. ಯೋಗ್ಯತೆ ಅಳೆಯಲು ಸಾರಿಗೆ ಇಲಾಖೆ 2020ರಲ್ಲಿ ಹೊರಡಿಸಿದ ಮಾನದಂಡಗಳಿವೆ. ಕುಡಿದು ಓಡಿಸಿದ್ದರೆ 7 ವರ್ಷ, ಹೊಡೆದಾಟವಾದರೆ ಶಿಕ್ಷೆ ಮುಗಿದ ಮೇಲೆ 10 ವರ್ಷ, ಲೈಂಗಿಕ ಅಪರಾಧವಾದರೆ ಯಾವತ್ತಿಗೂ ಇಲ್ಲ. ಬೇರೆ ಎಷ್ಟೋ ಕೆಲಸಗಳಿಗೆ ಹಳೆಯ ಶಿಕ್ಷೆಯನ್ನು ಹೇಳಬೇಕಾಗಿಲ್ಲ, 1974ರ ಕಾನೂನು ಅದನ್ನು ಮರೆತುಬಿಡುತ್ತದೆ. ಕ್ಯಾಬ್ ಡ್ರೈವರಿಗಂತೂ ಆ ಮರೆವಿನ ಭಾಗ್ಯವಿಲ್ಲ. ಒಬ್ಬೊಬ್ಬರ ಸಂಗತಿ ನೋಡಿ ಸಡಿಲಿಸಬಹುದು ಅಂತಲೂ ಇದೆ, 21 ದಿನದೊಳಗೆ ಮ್ಯಾಜಿಸ್ಟ್ರೇಟರ ಬಳಿ ಹೋಗಲೂಬಹುದು. ವಕೀಲರ ಫೀಸು ಕೇಳಿಯೇ ಹುಡುಗ ಸುಮ್ಮನಾದ.

ನಮ್ಮಲ್ಲಿ ಆಳನ್ನು ಅಳೆಯುವ ಬಗೆಯೇ ಬೇರೆ. ನನಗೆ ಮೊದಲ ನೌಕರಿಗೆ ನಡತೆ ಪ್ರಮಾಣಪತ್ರ ಬೇಕಾದಾಗ ಸಹಿ ಹಾಕಿದ ಗೆಜೆಟೆಡ್ ಅಧಿಕಾರಿ ನನ್ನ ಮುಖ ಎತ್ತಿಯೂ ನೋಡಲಿಲ್ಲ. "ನಿಮ್ಮ ಅಕ್ಕನ ಮಗನಾ?" ಅಂತ ಮಾವನನ್ನು ಕೇಳಿದರು, ಅಷ್ಟೇ. ನನ್ನಮ್ಮನ ಪರೀಕ್ಷೆ ಇನ್ನೂ ಖಡಕ್ಕು. ಕಾರು ಹತ್ತಿ ಬಾಗಿಲು ಹಾಕುವ ಮೊದಲೇ "ಯಾವೂರಪ್ಪ ನಿಂದು? ಯಾರ ಪೈಕಿ?" ತಿಪಟೂರು ದಾಟುವಷ್ಟರಲ್ಲಿ ಅವನ ಸಾಲ, ಸಂಸಾರ, ಬಿಟ್ಟ ಕುಡಿತ ಎಲ್ಲ ಹೊರಗೆ. ಈ ದೇಶದ ಕಂಪ್ಯೂಟರಿಗೆ ಮನುಷ್ಯನ ತಪ್ಪು ಗೊತ್ತು, ಆಮೇಲೆ ಅವನು ಹೇಗಾದ ಅನ್ನುವುದು ಗೊತ್ತಿಲ್ಲ. ಹತ್ತೊಂಬತ್ತರ ಹರೆಯದಲ್ಲಿ ಹೊಡೆಯಲು ಕೈ ಎತ್ತಿದವನು ಮೂವತ್ತಕ್ಕೂ ಅದೇ ಆಳೇ?

ಹೌದು, ಉತ್ತರ ಇಂಗ್ಲೆಂಡಿನ ಊರು ರಾದರ್‌ಹ್ಯಾಮ್ ಅನ್ನು ಮರೆತು ಮಾತಾಡಲಾಗದು. 1997ರಿಂದ 2013ರ ನಡುವೆ ಅಲ್ಲಿ ಸುಮಾರು 1,400 ಮಕ್ಕಳ ಮೇಲೆ ಲೈಂಗಿಕ ಶೋಷಣೆಯಾಯಿತೆಂದು 2014ರ ವರದಿ ಅಂದಾಜು ಮಾಡಿತು. ಟ್ಯಾಕ್ಸಿ ಓಡಿಸುವವರ ಪಾತ್ರವೂ ಅದರಲ್ಲಿ ಎದ್ದು ಕಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿಯ ಕ್ಯಾಬಿನಲ್ಲಿ ಅತ್ಯಾಚಾರ ಮಾಡಿದವನ ಹೆಸರಿಗೂ ಪೊಲೀಸರ ನಡತೆ ಪ್ರಮಾಣಪತ್ರ ಇತ್ತು. ನಕಲಿ. ಅಂಥವನ ಎದುರು ಅಮ್ಮನ "ಯಾವೂರಪ್ಪ" ಎಷ್ಟರಮಟ್ಟಿಗೆ ನಡೆದೀತು?

ಇನ್ನೊಂದು ಮಾತೂ ಉಂಟು. ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಾಗ ನನಗೆ ರಜೆ ಸಿಗದೆ, ಹೀಥ್ರೋದಿಂದ ಕರೆತಂದವನು ಇದೇ ಹುಡುಗ. ಎಂ 40 ಹೆದ್ದಾರಿಯಿಂದಲೇ ಫೋನ್ ಮಾಡಿದ, "ಅಣ್ಣ, ಅಮ್ಮ ಸಿಕ್ಕಿದ್ರು, ಮಾತಾಡಿ." ಹಿಂದಿನ ಸೀಟಿನಿಂದ ಅಮ್ಮ "ಇವ್ನು ಬಾಣಾವರದೋನಂತೆ ಕಣೋ" ಅಂದದ್ದು ಕೇಳಿ ಹಿಗ್ಗಿದೆ. ಫೋನ್ ಸ್ಟ್ಯಾಂಡಿನಲ್ಲಿತ್ತೋ ಕೈಯಲ್ಲಿತ್ತೋ ನಾನು ಕೇಳಲಿಲ್ಲ. ಆ ಎರಡು ಪುಟದಲ್ಲೂ ಅದನ್ನು ಬರೆಯಲಿಲ್ಲ.