ನೀರು ತಿಳಿಯಾಗಿದ್ದರೆ ಸಾಕಾ?

ಭಾನುವಾರ ಕೋಲಾರದ ನಮ್ಮ ಊರಿಗೆ ಹೋಗಿದ್ದೆ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಅಲ್ಲಿನ ಕೆರೆಗೆ ಬಿಡುತ್ತಾರೆ. ಅದರಲ್ಲಿ ಹಾರ್ಮೋನ್ ಉಳಿದಿರಬಹುದು ಅಂತ ನಾನು ಹೇಳುತ್ತಲೇ ಇದ್ದೇನೆ. ಮಾವ ಗಾಜಿನ ಲೋಟದಲ್ಲಿ ಕೆರೆ ನೀರು ತುಂಬಿ ಬೆಳಕಿಗೆ ಹಿಡಿದರು. "ನೋಡಮ್ಮಾ, ಎಷ್ಟು ತಿಳಿಯಾಗೈತೆ. ನೀನು ಸುಮ್ನೆ ಹೆದರಿಸ್ತೀಯ." ಜೊತೆಗಿದ್ದವರೊಬ್ಬರು ನೀರಿನ ಪರೀಕ್ಷೆಯ ವರದಿ ಬಿಡಿಸಿದರು. "ಬಿಒಡಿ ಸರಿ ಇದೆ, ಸಿಒಡಿ ಸರಿ ಇದೆ. ಇನ್ನೇನು ಬೇಕು ಮೇಡಂ?"

ಆ ಸಿಟ್ಟು ಇನ್ನೂ ಇಳಿದಿಲ್ಲ. ನಾನು ದಿನಾ ನೀರು ಪರೀಕ್ಷೆ ಮಾಡುವವಳು. ನೀರಿನಲ್ಲಿ ಕೊಳೆಯುವ ಕೊಳೆ ಎಷ್ಟಿದೆ ಅಂತ ಬಿಒಡಿ ಹೇಳುತ್ತದೆ, ಒಟ್ಟು ಕೊಳೆ ಎಷ್ಟು ಅಂತ ಸಿಒಡಿ. ಹಾರ್ಮೋನ್ ಇದೆಯಾ ಅಂತ ಎರಡೂ ಹೇಳುವುದಿಲ್ಲ. ಲೋಟವಂತೂ ಹೇಳುವುದೇ ಇಲ್ಲ.

ಕೆನಡಾದ ಒಂಟಾರಿಯೋದಲ್ಲಿ ಪ್ರಯೋಗಕ್ಕೆಂದೇ ಬಿಟ್ಟ ಕೆರೆಗಳಿವೆ. 2001ರಿಂದ ಮೂರು ಬೇಸಿಗೆ, ಅಲ್ಲಿನ ಒಂದು ಕೆರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್, ಅಂದರೆ ಒಂದು ಬಗೆಯ ಈಸ್ಟ್ರೋಜೆನ್ ಬೆರೆಸಿದರು. ಲೀಟರಿಗೆ 5-6 ನ್ಯಾನೋಗ್ರಾಂ, ಅಷ್ಟೇ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಪ್ರೋಟೀನ್ ತಯಾರಾಯಿತು. ಒಂದು ಜಾತಿಯ ಪುಟ್ಟ ಮೀನಂತೂ ಹೆಚ್ಚುಕಡಿಮೆ ಅಳಿದೇ ಹೋಯಿತು. ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 30 ಮೈಕ್ರೋಗ್ರಾಂ, ಅಂದರೆ 30,000 ನ್ಯಾನೋಗ್ರಾಂ ಇರುತ್ತದೆ. 6,000 ಲೀಟರಿನ ಒಂದು ಟ್ಯಾಂಕರ್ ನೀರನ್ನು ಆ ಮಟ್ಟಕ್ಕೆ ತರಲು ಒಂದೇ ಮಾತ್ರೆ ಸಾಕು. ನೀರಿನ ಬಣ್ಣ ಚೂರೂ ಬದಲಾಗುವುದಿಲ್ಲ.

ಮುಂದಿನದನ್ನು ಬರೆಯಲು ಕಷ್ಟವಾಗುತ್ತಿದೆ. ಪಿಸಿಒಡಿಗೆ (ಅಂಡಾಶಯದ ಒಂದು ತೊಂದರೆ) ಅಂತ ನಾನು ನಾಲ್ಕು ವರ್ಷ ಅದೇ ಮಾತ್ರೆ ನುಂಗಿದೆ. ಅದರ ಒಂದು ಪಾಲು ಮೈಯಿಂದ ಹೊರಗೆ ಹೋಗುತ್ತದೆ. ನಾನಿರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಆ ಕಡೆಯ ಚರಂಡಿ ನೀರೇ ಕೆಸಿ ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಶುದ್ಧೀಕರಣ ಪ್ಲಾಂಟಿನಲ್ಲಿ ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾ ಕೊಳೆ ತಿನ್ನುವವರೆಗೆ ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮಾವನ ಲೋಟಕ್ಕೂ. ಪ್ಲಾಂಟಿನ ಬ್ಯಾಕ್ಟೀರಿಯಾ ಹಾರ್ಮೋನನ್ನು ಸಾಕಷ್ಟು ತಿನ್ನುತ್ತವೆ, ನಿಜ. ಪೂರ್ತಿ ತಿನ್ನುವುದಿಲ್ಲ. ಮಾತ್ರೆ ನನಗೆ ಬೇಕಿತ್ತು. ಬೇಕಾದವರು ತೊಗೊಳ್ಳಲೇಬೇಕು. ನೀರು ತೊಳೆಯುವುದು ಪ್ಲಾಂಟಿನ ಕೆಲಸ.

ಅದಕ್ಕೆ ದಾರಿಯೂ ಇದೆ. ಓಝೋನ್ ಅನ್ನುವ ಅನಿಲ. ಈ ಹಾರ್ಮೋನಿನಲ್ಲಿ ಫೀನಾಲ್ ಅನ್ನುವ ಪರಮಾಣುಗಳ ಒಂದು ಉಂಗುರ ಇದೆ. ನಮ್ಮ ಜೀವಕೋಶದ ಬೀಗಕ್ಕೆ ಕೂರುವ ಕೀಲಿಯ ಹಲ್ಲು ಅದೇ. ಓಝೋನ್ ನೇರವಾಗಿ ಅದನ್ನೇ ಮುರಿಯುತ್ತದೆ. ಪ್ಲಾಸ್ಟಿಕ್ಕಿನಿಂದ ಬರುವ ಬಿಸ್‌ಫೀನಾಲ್-ಎ ಕೂಡ ಹಾಗೇ ಮುರಿಯುತ್ತದೆ. ಉಳಿದ ಚೂರುಗಳನ್ನು ತಿನ್ನಲು ಆಮೇಲೆ ಬ್ಯಾಕ್ಟೀರಿಯಾ ಬೆಳೆದಿರುವ ಮರಳಿನ ಸೋಸುವ ಹಾಸು ಇಡುತ್ತಾರೆ. ನೀರಿನಲ್ಲಿ ಬ್ರೋಮೈಡ್ ಅನ್ನುವ ಲವಣ ಜಾಸ್ತಿ ಇದ್ದರೆ ಓಝೋನ್ ತಾಗಿ ಬ್ರೋಮೇಟ್ ಅನ್ನುವ ಕೆಟ್ಟ ವಸ್ತು ಹುಟ್ಟುತ್ತದೆ, ಮೊದಲೇ ಅಳೆದು ನೋಡಬೇಕು. ಸ್ವಿಟ್ಜರ್ಲೆಂಡಿನ ಡ್ಯೂಬೆಂಡಾರ್ಫ್‌ನಲ್ಲಿ 2014ರಿಂದ ಇಡೀ ಪ್ಲಾಂಟೇ ಹೀಗೆ ನಡೆಯುತ್ತಿದೆ. 2016ರಲ್ಲಿ ಆ ದೇಶದಲ್ಲಿ ಕಾನೂನೇ ಬಂತು. ಆಯ್ದ ಪ್ಲಾಂಟುಗಳು ಇಂಥ ಸೂಕ್ಷ್ಮ ವಸ್ತುಗಳಲ್ಲಿ ಶೇ. 80ರಷ್ಟನ್ನು ತೆಗೆಯಲೇಬೇಕು.

"ಬತ್ತಿದ ಕೆರೆಗೆ ನೀರು ಬಂತಲ್ಲ, ಅದನ್ನೂ ನಿಲ್ಲಿಸಬೇಕಾ?" ಅಂತೀರಿ. ನಿಲ್ಲಿಸಿ ಅಂತ ಯಾರು ಹೇಳಿದರು? ನಮ್ಮ ಕೊಳವೆಬಾವಿಯಲ್ಲಿ ಮತ್ತೆ ನೀರು ಬಂದ ದಿನ ನಾನೂ ಅತ್ತಿದ್ದೇನೆ. ಇನ್ನೊಂದು ಹಂತ ಸೇರಿಸಿ ಅನ್ನುತ್ತಿದ್ದೇನೆ. ಕೋಲಾರದ ಜನ ಮೂರನೇ ಹಂತ ಬೇಕು ಅಂತ ವರ್ಷಗಳಿಂದ ಕೇಳುತ್ತಿದ್ದಾರೆ. ಆದರೆ ಬರೀ ಸೋಸಿ ಕ್ಲೋರಿನ್ ಹಾಕಿ ಮುಗಿಸಿದರೆ ನನ್ನ ಸಿಟ್ಟು ಹಾಗೇ ಇರುತ್ತದೆ. ದುಡ್ಡಿನ ಮಾತಾ? ಸ್ವಿಸ್ ಜನ ಇದಕ್ಕೆ ತಲೆಗೆ ವರ್ಷಕ್ಕೆ ಹೆಚ್ಚೆಂದರೆ 9 ಫ್ರಾಂಕ್ ಕಟ್ಟುತ್ತಾರೆ. ನಮ್ಮ ಪಾಲು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಆ ನೀರನ್ನು ಕೊಳೆ ಮಾಡಿ ಕಳಿಸುವವರು ಬೆಂಗಳೂರಿನಲ್ಲಿರುವ ನಾವು. ನಾವೇ ಕೊಡೋಣ. ನಾನು ಮೊದಲು ಕೊಡುತ್ತೇನೆ.

ಮಾವನಿಗೆ ತಿರುಗಿ ಏನೂ ಹೇಳಲಾಗಲಿಲ್ಲ. ವರದಿ ತಂದವರಿಗೆ ಮಾತ್ರ ಒಂದು ಕೇಳಿದ್ದೇನೆ. ಮುಂದಿನ ಸಲ ಬರುವಾಗ ಬಿಒಡಿ ಸಾಲಿನ ಕೆಳಗೆ ಈಸ್ಟ್ರೋಜೆನ್ ಅಂತ ಇನ್ನೊಂದು ಸಾಲು ಇರಲಿ.